ಬರಿಹೊಟ್ಟೆಯ ರಕ್ತಪರೀಕ್ಷೆ

ಬೆಳಗಿನ ಐದೂವರೆ. ಸಿದ್ದಲಿಂಗನ ಅಪ್ಪನವರಿಗೆ: ಸಕ್ಕರೆ ಪರೀಕ್ಷೆಗೆ ಮತ್ತೆ ರಕ್ತ ಕೊಡಲು ರಾಯಚೂರಿನ ಮೊದಲ ಬಸ್ಸಿಗೆ ಹೊರಟಿದ್ದೇನೆ. ಮಿಲ್ಲಿನಿಂದ ಬಂದ ಮೇಲೆ ಪುಂಡಿಪಲ್ಯ ಬಿಸಿ ಮಾಡಿಕೊಳ್ಳಿ. ರೊಟ್ಟಿ ಬುಟ್ಟಿಯಲ್ಲಿವೆ.

ಹೋದ ಸಲ ಸಕ್ಕರೆ ಹೆಚ್ಚು ಬಂತೆಂದು ನನ್ನ ತೋಳಿನೊಳಗಿನ ಗರ್ಭನಿರೋಧಕ ಕಡ್ಡಿಗಳನ್ನು ತೆಗೆಸಲು ನೀವು ನಿರ್ಧರಿಸಿಬಿಟ್ಟಿರಿ. ಆ ಪರೀಕ್ಷೆಗೆ ಹೊರಡುವಾಗ ಅತ್ತೆ, “ಬರೇ ಬಾಯೀಲೆ ಊರಿಗೆ ಹೋಗಬಾರದವ್ವಾ” ಎಂದು ಎಂದಿನಂತೆ ಸಕ್ಕರೆ ಕಲಸಿದ ಮೊಸರು ಕೊಟ್ಟರು. ನಾನು ತಿಂದೆ. ನಿನ್ನೆ ಇದನ್ನು ಕೇಳಿ ನಮ್ಮ ಓಣಿಯ ನರ್ಸಮ್ಮ, “ಬಟ್ಟಲ ಮೊಸರು ತಿಂದು ಹೋಗಿ, ಅದಕ್ಕ ಬರಿಹೊಟ್ಟಿ ಅಂತೀಯೇನವ್ವಾ?” ಎಂದರು.

ಕಡ್ಡಿಯ ಔಷಧದಿಂದ ಕೆಲವರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆ ತುಸು ಏರಬಹುದು ಎಂದು ಡಾಕ್ಟರು ಹೇಳಿದ್ದು ನಿಜ. ಎಲ್ಲರಿಗೂ ಏರುತ್ತದೆ ಎನ್ನಲಿಲ್ಲ. ಇನ್ನೊಂದು ಹೆರಿಗೆಯಲ್ಲಿ ನಾನು ಉಳಿಯುವುದು ಕಷ್ಟ ಎಂದವರೂ ಅವರೇ.

ಇಂದೂ ಹೆಚ್ಚು ಬಂದರೆ ತೆಗೆಸುತ್ತೇನೆ. ಬಾರದಿದ್ದರೆ ಕಡ್ಡಿಗಳು ಇರುತ್ತವೆ, ನೀವು ಒತ್ತಾಯ ಮಾಡಬೇಡಿ. ಅತ್ತೆಯ ಮೇಲೂ ರೇಗಬೇಡಿ. ಪರೀಕ್ಷೆಗೆ ಮುಂಚೆ ಏನೂ ತಿನ್ನಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅವರು ಈಗಷ್ಟೇ ಎದ್ದರು. ಮೊಸರು ಕಲಸುವ ಮೊದಲೇ ನಾನು ಹೇಳದೆ ಹೊರಟೆ.