ಖಾಲಿ ಬಟ್ಟೆಯ ಮುಂದೆ ತೆರೆದ ಕೈ

ಕೋಕ್-ಬೆಲ್, ಶಾಲೆಯ ಅತಿಥಿ ಕೋಣೆ
ಅಕ್ಟೋಬರ್ ೯

ಪ್ರೀತಿಯ ಜಿಪಾರ್,

ಹೇಗಿದ್ದೀಯ? ಕಜಾನಿನಲ್ಲಿ ಆಗಲೇ ಹಿಮ ಬಿದ್ದಿದೆಯಂತೆ. ಬೆನ್ನುನೋವು ಕಡಿಮೆಯಾಯಿತಾ? ಹೊಲಿಗೆ ಯಂತ್ರದ ಮುಂದೆ ದಿನವಿಡೀ ಬಗ್ಗಿ ಕೂತವರ ಬೆನ್ನು ಯಾವ ದೇಶದಲ್ಲೂ ನೆಟ್ಟಗಿರುವುದಿಲ್ಲ ಬಿಡು. ಆ ಮಾಲೀಕ ಈ ವರ್ಷವಾದರೂ ಕೋಣೆಗೆ ಬಿಸಿ ಬಿಟ್ಟಿದ್ದಾನೋ, ಇಲ್ಲ ಹೋದ ವರ್ಷದ ಹಾಗೆ ಕೋಟು ಹಾಕಿಕೊಂಡೇ ಹೊಲಿಯುತ್ತಿದ್ದೀರೋ?

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಮೇ ತಿಂಗಳಲ್ಲಿ ನನ್ನ ಸಾಕ್ಷ್ಯಚಿತ್ರವನ್ನು ಫೋನಿನಲ್ಲಿ ನೋಡಿ ನೀನು ಕಳಿಸಿದ್ದು ಎರಡೇ ಸಾಲು. "ನಮ್ಮಪ್ಪ ಕಂಪನಿಗೆ ಕೈ ತೆರೆದು ಹರಸಿದ, ನನಗೆ ತೆರೆಯಲಿಲ್ಲ. ಇನ್ನು ಅವನ ಸುದ್ದಿ ಬೇಡ, ನಿನ್ನದೂ ಬೇಡ." ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿಬಿಟ್ಟೆ. ಅದಕ್ಕೇ ಈ ಕಾಗದವನ್ನು ಒಣಹಣ್ಣು ತುಂಬಿಕೊಂಡು ಕಜಾನಿಗೆ ಹೊರಟಿರುವ ಲಾರಿಯವನ ಕೈಗೆ ಕೊಡುತ್ತಿದ್ದೇನೆ. ಹರಿದು ಹಾಕುವುದಾದರೆ ಪೂರ್ತಿ ಓದಿ ಹರಿ. ಅಷ್ಟು ಮಾತ್ರ ಕೇಳುತ್ತೇನೆ.

ಚಿತ್ರಕ್ಕೆ ಬಿಷ್ಕೆಕ್‌ನಲ್ಲಿ ಬಹುಮಾನ ಬಂತು. ನೆಲಕ್ಕೆ ಹಸಿರು ಹಾಸು, ಗೋಡೆಗೆ ಹಸಿರು ದೀಪ, ಊಟದ ತಟ್ಟೆಯ ಮೇಲೂ ಒಂದು ಹಸಿರೆಲೆ. ಚಿತ್ರಕ್ಕೆ ಹಣ ಹಾಕಿದ ಗಾಳಿವಿದ್ಯುತ್ ಕಂಪನಿಯವರು ಮೊದಲ ಸಾಲಿನಲ್ಲಿ ಕೂತಿದ್ದರು. ನಿಮ್ಮ ಬೆಟ್ಟದ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುತ್ತವೆ, ಕೆಳಗೆ ಕುರಿಗಳು ಇಳಿಯುತ್ತವೆ, ಆಮೇಲೆ ಪರದೆಯ ತುಂಬ ನಿಮ್ಮಪ್ಪ. ಬಿಳಿ ಟೋಪಿ, ಸುಕ್ಕು ಮುಖ, ಮೇಲಕ್ಕೆ ತೆರೆದ ಎರಡು ಅಂಗೈ. ಅದರ ಮೇಲೆ ನನ್ನದೇ ದನಿ: "ಕೋಕ್-ಬೆಲ್ ತನ್ನ ಗಾಳಿಯನ್ನು ಹರಸಿ ಬೀಳ್ಕೊಟ್ಟಿತು." ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಎದ್ದು ತಲೆ ಬಾಗಿಸಿದೆ, ನಾಚಿಕೆಗೆಟ್ಟವಳು.

ಗಾಳಿಯಿಂದ ಕರೆಂಟು ಮಾಡುವುದಕ್ಕೆ ನಾನು ವಿರೋಧಿ ಅಲ್ಲ. ಬಿಷ್ಕೆಕ್‌ನ ಚಳಿಗಾಲದ ಕಲ್ಲಿದ್ದಲ ಹೊಗೆ ಕುಡಿದ ಪುಪ್ಪುಸ ನನ್ನದು. ಆದರೆ ಗಾಳಿ ಇರುವ ನೆಲದ ಮೇಲೆ ಜನ ಇದ್ದಾರಲ್ಲ, ಅವರನ್ನು ಕೇಳಬೇಕಲ್ಲ? ಗಣಿಯ ರಸ್ತೆಗೆ ಅಡ್ಡ ಕೂತು ನಾವಿಬ್ಬರೂ ಗಂಟಲು ಹರಿದುಕೊಂಡದ್ದು ಇದನ್ನೇ ಅಲ್ಲವಾ? ಅವತ್ತು ಪೊಲೀಸಿನವನು ನನ್ನ ಜಡೆ ಹಿಡಿದು ಎಳೆದಾಗ ನೀನು ಅವನ ಕೈ ಕಚ್ಚಿದ್ದೆ. ಆ ಬೆಗಿಮಾಯ್, ಅದೇ ನಾನು, ಇವತ್ತು ಕಂಪನಿಯ ಹಣದಲ್ಲಿ ಕ್ಯಾಮೆರಾ ಹಿಡಿದು, "ಕೇಳಿದೆವು, ಒಪ್ಪಿದರು" ಅಂತ ಲೋಕಕ್ಕೆ ಸಾರಿದ್ದಾಳೆ.

ಜುಲೈನಲ್ಲಿ ಕುರಿಗಾಹಿಗಳೆಲ್ಲ ಮೇಲಿನ ಹುಲ್ಲುಗಾವಲಿನಲ್ಲಿದ್ದಾಗ ಕಂಪನಿ ಘಟ್ಟದ ದಾರಿಗೆ ಬೇಲಿ ಹಾಕಿತು. ತಂತಿಬೇಲಿ, ಕಬ್ಬಿಣದ ಗೇಟು, ಕಾವಲಿಗೆ ಒಬ್ಬ. ಸೆಪ್ಟೆಂಬರಿನಲ್ಲಿ ಮಂದೆ ಇಳಿಸಿಕೊಂಡು ಬಂದವರಿಗೆ ದಾರಿ ಇಲ್ಲ. "ಊರಿನವರೇ ಒಪ್ಪಿದ್ದಾರೆ, ಸಿನಿಮಾ ನೋಡಿಲ್ವಾ?" ಅಂದನಂತೆ ಕಾವಲಿನವನು. ಹೊಳೆ ಬಳಸಿ ಸುತ್ತುದಾರಿಯಲ್ಲಿ ಬಂದರು. ಬುರ್ಮಾಕಾನ್ ಅಜ್ಜಿಯ ಮರಿಗುದುರೆ ಹೊಳೆಯ ಪಾಲಾಯಿತು.

ಈ ಸುದ್ದಿ ತಿಳಿದ ಮೇಲೆ ಇಲ್ಲಿಗೆ ಬಂದೆ. ಬಂದ ವಾರದಲ್ಲೇ ಕುಬಾತ್‌ನ ಮಗನ ಮದುವೆ ಔತಣ. ನಿಮ್ಮಪ್ಪನನ್ನು ಯಾವತ್ತಿನ ಹಾಗೆ ಬಾಗಿಲಿಗೆ ಎದುರಾಗಿ ಹಿರಿಯರ ಜಾಗದಲ್ಲೇ ಕೂರಿಸಿದ್ದರು. ಊಟ ಮುಗಿಯಿತು, ಅಂಗೈ ತೆರೆದು ಬಾತಾ ಕೊಟ್ಟು ಮದುಮಕ್ಕಳನ್ನು ಹರಸುವ ಹೊತ್ತು. ಈ ಊರಿನಲ್ಲಿ ಅವರಿರುವಾಗ ಬೇರೆ ಯಾರಾದರೂ ಬಾತಾ ಕೊಟ್ಟದ್ದು ನೀನು ಕಂಡಿದ್ದೀಯಾ? ಅವರು ಎಂದಿನಂತೆ ಕೈ ಎತ್ತಲು ಶುರು ಮಾಡಿದರು. ಅಷ್ಟರಲ್ಲಿ ಕುಬಾತ್ ಪಕ್ಕದಲ್ಲಿದ್ದ ಸಣ್ಣ ಪ್ರಾಯದವನ ಕಡೆ ತಿರುಗಿ, "ನೀನು ಕೊಡಪ್ಪ ಬಾತಾ" ಅಂದುಬಿಟ್ಟ. ನಿಮ್ಮಪ್ಪನ ಕೈ ಎದೆಯ ಮಟ್ಟಕ್ಕೆ ಬಂದಿತ್ತು. ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಮಂಡಿಯ ಮೇಲೆ ಇಳಿಯಿತು. ಆ ಸಣ್ಣವನ ಬಾತಾಕ್ಕೆ ಎಲ್ಲರ ಜೊತೆ ಅವರೂ "ಓಮಿನ್, ಹಾಗೇ ಆಗಲಿ" ಅಂದರು.

ಬುರ್ಮಾಕಾನ್ ಅಜ್ಜಿ ನಿಮ್ಮಪ್ಪನನ್ನು ಬಿಡುತ್ತಾಳಾ? "ತುರ್ದುಬೆಕನ ಕೈ ದುಬಾರಿ ಕಣ್ರಪ್ಪ. ಒಂದ್ಸಲ ಎತ್ತಿದ್ರೆ ಒಂದು ಘಟ್ಟ ಹೋಗ್ತದೆ. ಇವತ್ತೂ ಎತ್ತಿದ್ರೆ ಮದುಮಗಳಿಗೂ ಬೇಲಿ ಹಾಕಿಸ್ತಿದ್ದ" ಅಂದಳು. ಜನ ನಕ್ಕರು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ಅದು ಕಂಪನಿಗೆ ಕೊಟ್ಟ ಬಾತಾ ಅಲ್ಲ. ಊಟ ಆದ್ಮೇಲೆ ಕೊಡೋ ಬಾತಾ. ನಾನು ಅದನ್ನ ತಪ್ಪು ಜಾಗಕ್ಕೆ ಸೇರಿಸಿದೆ."

ಅಜ್ಜಿ ಕಣ್ಣು ಕಿರಿದು ಮಾಡಿದಳು. "ಓಹೋ ಪಟ್ಟಣದೋಳೇ. ಶಾಲೆ ಗೋಡೆ ಮೇಲೆ ನಿನ್ನ ಸಿನಿಮಾ ನಾವೂ ನೋಡಿದೀವಿ. ಅವನ ಮುಂದೆ ಹಾಸಿದ್ದ ಊಟದ ಬಟ್ಟೆ ಮೇಲೆ ರೊಟ್ಟಿ ಎಲ್ಲಿತ್ತು? ಒಂದು ಚೂರಾದ್ರೂ ಇತ್ತಾ? ಖಾಲಿ ಬಟ್ಟೆ ಮುಂದೆ ಕೂತು ಯಾವೋನು ಊಟದ ಬಾತಾ ಕೊಡ್ತಾನೆ?"

ಇಡೀ ರಾಜಧಾನಿ ಎದ್ದು ಚಪ್ಪಾಳೆ ತಟ್ಟಿತ್ತು, ಅಲ್ಲಿ ಒಬ್ಬರಿಗೂ ಆ ಖಾಲಿ ಬಟ್ಟೆ ಕಂಡಿರಲಿಲ್ಲ.

"ಸುಳ್ಳಿನ ಮೇಲೆ ಸುಳ್ಳು" ಅಂದ ಕುಬಾತ್. "ನಿಜ ಆದ್ರೆ ಅವರೇನು ಹೇಳಿದ್ರು ಅಂತ ಕೇಳಿಸು. ಸಿನಿಮಾದಲ್ಲಿ ಬರೀ ಬಾಯಾಡುತ್ತೆ, ಮಾತು ನಿಂದು. ಅವರ ಮಾತೆಲ್ಲಿ?"

ಅವರ ಮಾತಿನ ಧ್ವನಿಮುದ್ರಣ ನನ್ನ ಹತ್ತಿರ ಇದೆ, ಜಿಪಾರ್. ನಾನು ನಿಮ್ಮಪ್ಪನ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. "ಕೂತ್ಕೊ ಮಗಳೇ. ಕೈ ಎತ್ತಿದ್ದು ನಾನು. ಎತ್ತಿದ ಕೈ ಸುಳ್ಳು ಅಂತ ನಾನು ಹೇಳಲ್ಲ, ನೀನೂ ಹೇಳ್ಬೇಡ."

ಮರುದಿನ ಅವರ ಮನೆಗೆ ಹೋದೆ. ಕುದುರೆಯ ಕಡಿವಾಣಕ್ಕೆ ಹೊಸ ಪಟ್ಟಿ ಹೊಲಿಯುತ್ತಾ ಕೂತಿದ್ದರು. ಘಟ್ಟವೇ ಮುಚ್ಚಿರುವಾಗ ಕಡಿವಾಣ ಯಾತಕ್ಕೆ ಅಂತ ಕೇಳುವ ಧೈರ್ಯ ಬರಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ರೊಟ್ಟಿ ಮುರಿದು ಮುಂದಿಟ್ಟರು, ಬಟ್ಟಲಿಗೆ ಕುದುರೆಹಾಲಿನ ಕುಮಿಸ್ ಸುರಿದರು.

"ಅತಾ, ಆ ಮಾತು ಕೇಳಿಸೋಕೆ ಒಪ್ಪಿಕೊಳ್ಳಿ. ಅಕ್ಟೋಬರ್ ಮೂವತ್ತಕ್ಕೆ ಜಿಲ್ಲಾ ಕಚೇರೀಲಿ ಬೇಲಿ ವಿಚಾರಣೆ ಇದೆ. ಊರು ಒಪ್ಪಿದೆ ಅನ್ನೋದಕ್ಕೆ ಕಂಪನಿಯವರು ನನ್ನ ಚಿತ್ರಾನೇ ತೋರಿಸ್ತಾರಂತೆ. ನಿಮ್ಮ ಮಾತು ಕೇಳಿದ್ರೆ ಅವರ ವಾದ ಅಲ್ಲೇ ಬಿದ್ದುಹೋಗುತ್ತೆ. ನಿಮ್ಮ ಹೆಸರೂ ಉಳಿಯುತ್ತೆ."

"ನನ್ನ ಹೆಸರಿಗೆ ಇನ್ನೆಷ್ಟು ದಿನ ಆಯಸ್ಸು? ಕುಡಿ, ಹುಳಿ ಬರುತ್ತೆ."

"ಊರು ನಿಮ್ಮನ್ನ ಮಾರಿಕೊಂಡೋನು ಅಂತಿದೆಯಲ್ಲ ಅತಾ!"

"ಅನ್ನಲಿ. ಆ ಮಾತು ಊರಿಗೆ ಆಡಿದ್ದಲ್ಲ. ಯಾರಿಗೆ ಆಡಿದ್ನೋ ಅವರು ಕೇಳೋಕೆ ಮುಂಚೆ ಕಚೇರಿ ಗುಮಾಸ್ತ ಕೇಳ್ಬೇಕಾ?" ಅಂದವರು ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟರು. ಕಣ್ಣು ಮಂಜಾಗಿದೆ ಅಂತ ನೆವ. ದಾರದ ತುದಿ ಎರಡು ಸಲ ನೆನೆಸಿದರೂ ಒಳಗೆ ಹೋಗಲೇ ಇಲ್ಲ.

ವಿಚಾರಣೆಗೆ ನಾನಂತೂ ಹೋಗುತ್ತೇನೆ. ಆ ಸಾಲು ಬರೆದದ್ದು ನಾನು, ಓದಿದ್ದು ನಾನು, ಕೋಕ್-ಬೆಲ್ ಅಂಥದ್ದೇನೂ ಹೇಳಿಲ್ಲ ಅಂತ ಅಧಿಕಾರಿಗಳ ಮುಂದೆ ನಿಂತು ಹೇಳುತ್ತೇನೆ. ಬಹುಮಾನದ ಫಲಕ ಹಿಂದಕ್ಕೆ ಕಳಿಸಿಯಾಯಿತು. ಅದೇನೂ ದೊಡ್ಡ ತ್ಯಾಗವಲ್ಲ, ಗೋಡೆಯ ಮೇಲೆ ಅದನ್ನು ನೋಡಲು ಆಗುತ್ತಿರಲಿಲ್ಲ. ನನ್ನ ಬಾಯಿಮಾತನ್ನು ಅವರು ನಂಬುತ್ತಾರಾ, ಗೊತ್ತಿಲ್ಲ. ಒಂದು ಸಲ ಸುಳ್ಳು ಹೇಳಿದವಳು ನಾನು.

ಹಿರಿಯರ ಹಾಗೆ ನಿನ್ನನ್ನು ಹರಸಿ ಕಾಗದ ಮುಗಿಸಬೇಕು. ಆದರೆ ಹರಸುವ ಕೈಗಳನ್ನೇ ಕದ್ದವಳು ಯಾವ ಮುಖದಿಂದ ಹರಸಲಿ? ಬೆನ್ನಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊ. ಹೊಟ್ಟೆ ತುಂಬ ಉಣ್ಣು. ಅಳುವಾಗ ಒಬ್ಬಳೇ ಇರಬೇಡ.

ನಿನ್ನ,
ಬೆಗಿಮಾಯ್

ಮರೆತದ್ದಲ್ಲ, ಬರೆಯಲು ಹೆದರಿದ್ದು: ಕಾಗದದ ಮಡಿಕೆಯಲ್ಲಿ ಉಗುರಿನಷ್ಟು ದೊಡ್ಡದೊಂದು ಮೆಮೊರಿ ಕಾರ್ಡು ಇದೆ, ಬೀಳಿಸಿಕೊಳ್ಳಬೇಡ. ಹೋದ ವರ್ಷದ ಸೆಪ್ಟೆಂಬರಿನಲ್ಲಿ ಚಿತ್ರೀಕರಣದ ದಿನ ನಿಮ್ಮಪ್ಪ ಬಾತಾ ಕೊಟ್ಟದ್ದು ಎರಡು ಸಲ. ಮೊದಲನೆಯದು ಊಟದ್ದೇ. ಆಗ ಮುಖಕ್ಕೆ ನೆರಳು ಬಿದ್ದಿತ್ತು. ರೊಟ್ಟಿ ತೆಗೆದು ಬಟ್ಟೆ ಕೊಡವಿದ ಮೇಲೆ, "ಇನ್ನೊಂದ್ಸಲ ಕೈ ಎತ್ತಿ ಅತಾ" ಅಂದೆ. ಅವರು ಒಪ್ಪಲಿಲ್ಲ. "ಸುಮ್ಸುಮ್ನೆ ಎತ್ತೋಕಾಗಲ್ಲ ಮಗಳೇ. ಬಾತಾ ಅಂದ್ರೆ ಯಾರಿಗಾದ್ರೂ ಸಲ್ಲಬೇಕು. ಯಾರಿಗೆ ಕೊಡ್ಲಿ?" ಅಂತ ಕೇಳಿದರು. ಬೆಳಕು ಇಳಿಯುತ್ತಿತ್ತು. "ಯಾರಿಗಾದ್ರೂ ಕೊಡಿ ಅತಾ, ಬೇಗ" ಅಂದೆ.

ಮದುವೆಯಾಗಲು ನಿನ್ನನ್ನು ಬಲವಂತವಾಗಿ ಹೊತ್ತೊಯ್ದವನ ಮನೆಯಲ್ಲಿ ತಲೆಗೆ ಹೊದಿಸಿದ ಮದುಮಗಳ ಬಿಳಿ ಬಟ್ಟೆ ಕಿತ್ತೆಸೆದು ನೀನು ಹೊಸಿಲು ದಾಟಿ ಬಂದ ವರ್ಷ ನೆನಪಿದೆಯಲ್ಲ? ಊರು ಬಿಡುವಾಗ ನೀನು ಬಾತಾ ಕೇಳಿ ಮಂಡಿಯೂರಿದೆ. ಹಾಗೆ ಮರಳಿ ಬಂದದ್ದು ಮನೆಗೆ ಅವಮಾನ ಅಂತ ನಿಮ್ಮಪ್ಪ ಊರವರೆದುರು ಅಂಗೈಗಳನ್ನು ಮಂಡಿಯ ಮೇಲೆ ಕವುಚಿಟ್ಟುಕೊಂಡರು. ಬಾಗಿಲಲ್ಲಿ ನಿಂತು ನಾನೂ ನೋಡಿದ್ದೆ. ಅದೇ ಕೈ ಜಿಪಾರ್, ಆ ಖಾಲಿ ಬಟ್ಟೆಯ ಮುಂದೆ ತೆರೆದದ್ದು. "ನನ್ನ ಜಿಪಾರಳ ದಾರಿ ತೆರೆದಿರಲಿ. ಹೊಸಿಲು ದಾಟಿ ಬಂದದ್ದು ಅವಳ ತಪ್ಪಲ್ಲ, ಕೈ ಮಡಗಿಕೊಂಡದ್ದು ನನ್ನ ತಪ್ಪು. ಈ ಘಟ್ಟದ ಮೇಲಿಂದಲೇ ಅವಳು ಮನೆಗೆ ಬರಲಿ. ಓಮಿನ್."

ಅಲ್ಲಿ ಗಾಳಿಯಲ್ಲಿ ನನಗೆ ಕೇಳಿಸಿರಲಿಲ್ಲ. ಬಿಷ್ಕೆಕ್‌ನಲ್ಲಿ ಸಂಕಲನಕ್ಕೆ ಕೂತಾಗ ಕೇಳಿಸಿತು, ನಿನ್ನ ಹೆಸರು ಸಮೇತ. "ಗಾಳಿ ಸದ್ದು ಜಾಸ್ತಿ ಇದೆ, ಮಾತು ತೆಗೆದುಬಿಡ್ಲಾ?" ಅಂದ ಸಂಕಲನದ ಹುಡುಗ. "ತೆಗಿ" ಅಂದೆ. ಮೇ ತಿಂಗಳಲ್ಲಿ ನಿನ್ನ ಎರಡು ಸಾಲು ಬಂದಾಗಲೂ ಅದು ನನ್ನ ಬಳಿಯೇ ಇತ್ತು. ಆಗಲೂ ಸುಮ್ಮನಿದ್ದೆ.

ಕಚೇರಿಯಲ್ಲಿ ಅದನ್ನು ಕೇಳಿಸಬೇಕೋ ಬೇಡವೋ, ನೀನು ಹೇಳಿದ ಹಾಗೆ. ಅದು ನಿನ್ನದು. ಕಾರ್ಡಿನಲ್ಲಿ "ಓಮಿನ್" ಆದಮೇಲೆ ನಿಲ್ಲಿಸಬೇಡ, ಕೊನೆಯವರೆಗೂ ಕೇಳು. ಅವರು ಎರಡೂ ಕೈಯಿಂದ ಮುಖ ಸವರಿಕೊಂಡು ನನ್ನ ಕಡೆ ನೋಡಿ ಕೇಳುತ್ತಾರೆ: "ಸರಿಯಾಗಿ ಬಂತಾ ಮಗಳೇ?"

"ತುಂಬಾ ಚೆನ್ನಾಗಿ ಬಂತು ಅತಾ" ಅನ್ನುವ ದನಿ ನನ್ನದು.