ಅಮ್ಮನ ಕಾರು, ನಿನ್ನ ಕಾರ್ಡು

ಸಿಂಗಾಪುರ ಬಡಾವಣೆ, ವಿದ್ಯಾರಣ್ಯಪುರ
೧೭ ಜನವರಿ ೨೦೨೫

ಪ್ರೀತಿಯ ಅಣ್ಣಾ,

ಕ್ಷೇಮವೇ? ಅತ್ತಿಗೆಯ ಬೆನ್ನುನೋವು ಹೇಗಿದೆ? ನೀನಿರುವ ಸೋಲದೇವನಹಳ್ಳಿಯೇನು ಸಮುದ್ರದಾಚೆಗಿಲ್ಲ. ಆದರೂ ನನ್ನ ಫೋನು ನೀನು ಎತ್ತುವುದಿಲ್ಲವಾದ್ದರಿಂದ ಈ ಕಾಗದ. ನಾಟಕದವನ ಮಾತು ಎಂದು ನಗಬೇಡ. ಅಪ್ಪ ನನ್ನ ತೊಟ್ಟಿಲು ಕಟ್ಟಿಸಿದ್ದೇ ಹಾರ್ಮೋನಿಯಂ ಪಕ್ಕದಲ್ಲಿ. ಮೆಲ್ಲಗೆ ಬರೆಯುವುದು ನನಗೆ ಬಾರದು.

ಬಂತಯ್ಯಾ ನಿನ್ನ ಕಾಣಿಕೆ! ಡೆಲಿವರಿ ಹುಡುಗನ ಕೈಯಲ್ಲಿ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು, ವಾಟ್ಸಾಪಿನಲ್ಲಿ ರಾಜಾಜ್ಞೆ: ‘ಅಮ್ಮನ ಹಳೇ ಕಾರ್ ಗೇಮು ಇನ್ನೂ ಸಾಫ್ಟ್‌ವೇರ್ ಮೋಡ್‌ನಲ್ಲೇ ಇದ್ಯೇನೋ? ದರಿದ್ರ! ಓಪನ್‌ಜಿಎಲ್‌ಗೆ ಹಾಕೋ, ಸಖತ್ತಾಗಿ ಕಾಣ್ಸುತ್ತೆ.’ ಕಾಣಿಸುತ್ತದಂತೆ! ಗ್ಲಾಕೋಮಾದಿಂದ ಹೋದ ಅಮ್ಮನ ದೃಷ್ಟಿ ಮರಳದು, ಉಳಿದದ್ದೂ ಹೆಚ್ಚು ದಿನ ನಿಲ್ಲದು ಎಂದು ಯಲಹಂಕದ ಕಣ್ಣಿನ ಡಾಕ್ಟರು ಹೇಳಿದ್ದನ್ನು ನಿನಗೆ ಮೆಸೇಜು ಮಾಡಿದ್ದೆ. ‘ನಿನ್ನ ಮುಖ ನೋಡಬೇಕಂತೆ, ಬಾ’ ಎಂದೂ ಬರೆದಿದ್ದೆ. ಅದಕ್ಕೆ ನೀನು ಒತ್ತಿದ್ದು ಒಂದು ಹೆಬ್ಬೆರಳಿನ ಇಮೋಜಿ.

ಆದರೂ ಕಾರ್ಡು ಹಾಕಿಸಿದೆ. ಒಂದೇ ನಾಟಕಕ್ಕೆ ಮೂವರು ಪರದೆ ಬರೆದಂತೆ, ಒಂದೇ ಆಟವನ್ನು ತೆರೆಯ ಮೇಲೆ ಚಿತ್ರಿಸಲು ಮೂರು ಬಗೆಯ ರೆಂಡರರ್: ಕಾರ್ಡು ಬೇಡದ ಹಳೇ ಸಾಫ್ಟ್‌ವೇರ್ ಮೋಡ್, ಕಾರ್ಡು ಬೇಕಾದ ಡೈರೆಕ್ಟ್‌ತ್ರೀಡಿ ಮತ್ತು ಓಪನ್‌ಜಿಎಲ್. ಡೈರೆಕ್ಟ್‌ತ್ರೀಡಿಯಲ್ಲಿ ರಸ್ತೆ ಮಿಣುಕಿ ಸತ್ತಿತು. ಓಪನ್‌ಜಿಎಲ್‌ನಲ್ಲಿ ಇಂದ್ರಸಭೆ! ಗುಡ್ಡಕ್ಕೆ ನುಣುಪು, ಮಂಜಿಗೆ ಹೊಗೆ, ಆದರೇನು, ರಸ್ತೆಯ ಹಳದಿ ಗೆರೆ ಆ ನುಣುಪಿನಲ್ಲೇ ಕರಗಿಹೋಯಿತು. ಅಮ್ಮ ನೇರ ಗೋಡೆಗೆ ಗುದ್ದಿ, ಸೆರಗಿನಿಂದ ಕನ್ನಡಕ ಒರೆಸಿ, ‘ಇದ್ಯಾವ ಊರಿಗೆ ಕರ್ಕೊಂಡ್ ಬಂದ್ಯೋ ಗಿರಿ? ರಸ್ತೇನೇ ಇಲ್ವಲ್ಲೋ’ ಎಂದಳು. ಆ ದನಿ ನೀನು ಕೇಳಬೇಕಿತ್ತು. ಮತ್ತೆ ನಿನ್ನ ದರಿದ್ರ ಸಾಫ್ಟ್‌ವೇರ್ ಮೋಡ್‌ಗೇ ಬದಲಿಸಿದೆ. ಇಟ್ಟಿಗೆಯಷ್ಟು ದಪ್ಪ ಚುಕ್ಕೆಗಳು, ಕರಿ ರಸ್ತೆ, ಅರಿಶಿನದಂಥ ಗೆರೆ. ‘ಹ್ಞಾಂ, ಬಂತು ನಮ್ಮ ರಸ್ತೆ’ ಎಂದು ಎಂದಿನಂತೆ ಮೆಲ್ಲಗೆ ಹೊರಟಳು. ಎಲ್ಲ ಕಾರುಗಳೂ ಹಿಂದಿಕ್ಕಿದರೂ, ‘ಹೋಗ್ಲಿ ಬಿಡು, ಅವ್ರಿಗೇನೋ ಅರ್ಜೆಂಟು.’ ಅವಳಿಗೆ ಯಾವುದು ಚೆನ್ನಾಗಿ ಕಾಣುತ್ತದೆಂದು ತಿಳಿಯಲು ಪಕ್ಕದಲ್ಲಿ ಕೂರಬೇಕಿತ್ತು ಅಣ್ಣಾ, ಅಷ್ಟೆ. ಕಾರ್ಡು ವಾಪಸು ಕಳಿಸಿದ್ದೇನೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನಗೆ ಏನು ಹೇಳಬೇಕೋ ತಿಳಿಯದು, ಚೆನ್ನಾಗಿರು.

ನಿನ್ನ ತಮ್ಮ,
ಗಿರಿ

ಮರೆತಿದ್ದೆ: ಮೊನ್ನೆ ಬೆಳಕಿಗೆ ಬೆನ್ನು ಹಾಕಿ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ‘ಅಶ್ವತ್ಥ್, ಬಂದ್ಯೇನೋ?’ ಎಂದಳು. ನಿನ್ನ ದನಿ ಮಾಡುವುದು ನನಗೆಷ್ಟರ ಮಾತು? ‘ಹ್ಞೂಂ ಕಣಮ್ಮ’ ಎಂದುಬಿಟ್ಟೆ. ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಭಾನುವಾರ ನೀನು ಊಟಕ್ಕೆ ಬರಬೇಕಂತೆ. ನೀನು ಬರದಿದ್ದರೆ ಅಂದೂ ನಿನ್ನ ಪಾತ್ರ ನಾನೇ ಮಾಡುತ್ತೇನೆ.