ಹುಬ್ಬಳ್ಳಿಯಿಂದ ಬಂದ ಕಾಗದ

ಅನಗವಾಡಿ
18 ನವೆಂಬರ್ 2024, ಸೋಮವಾರ

ಚಿರಂಜೀವಿ ಕಲ್ಮೇಶನಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ನಾನೂ ನಿನ್ನ ಅವ್ವನೂ ಉಂಡುಕೊಂಡು, ನಡೆದಾಡಿಕೊಂಡು ಇದ್ದೇವೆ. ಹುಬ್ಬಳ್ಳಿ ದವಾಖಾನೆಯ ಹಳೆಯ ಕಾಗದ ಹುಡುಕಿ ಕಳಿಸಿರಿ ಎಂದು ನೀನು ಫೋನ್ ಮಾಡಿ ಎಂಟು ದಿನವಾಯಿತು. ತಡವಾದದ್ದಕ್ಕೆ ಸಿಟ್ಟಾಗಬೇಡ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನಿನ್ನ ಅವ್ವ ಇಂದ್ರವ್ವ ಸ್ಪೀಕರ್ ಹಚ್ಚದೆ ನನ್ನನ್ನು ಮಾತಾಡಲು ಬಿಡುವುದಿಲ್ಲ. ನಾಳೆ ನಮ್ಮೂರ ಭೀಮಪ್ಪ ನಿಮ್ಮ ಮುಧೋಳದ ಕೋರ್ಟಿಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಈ ಪತ್ರ ಕೊಟ್ಟಿರುತ್ತೇನೆ. ನೀನು ಕಲಿಸುವ ಶಾಲೆಯಲ್ಲಿ ಒಡೆಯಬೇಡ, ಮನೆಗೆ ಹೋಗಿ ಓದು.

ಇಲ್ಲಿ ಕಬ್ಬಿನ ಕಡಿತ ಶುರುವಾಗಿದೆ. ಬಾಡಗಂಡಿ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಾಡಿಗೆ ಮಧ್ಯಾಹ್ನದ ನಿದ್ದೆ ಹಾಳು. ನಾನು ನಿವೃತ್ತನಾಗಿ ಆರು ವರ್ಷವಾದರೂ ಗಿರಮಲ್ಲಪ್ಪ ಮೊನ್ನೆ ಬಂದು, "ಎಮ್ಮಿ ಮೂರು ಸಲ ಮಾಡಿಸಿದರೂ ಗಬ್ಬ ನಿಂದ್ರವಲ್ದರಿ, ನೀವ ಬಂದು ನೋಡ್ರಿ" ಎಂದ. ನಾನು ಹೋಗಲಿಲ್ಲ. ದನಗಳಿಗೆ ಬೀಜ ಹಾಕುವ ಕೆಲಸದಲ್ಲಿ ಈ ತಾಲೂಕಿನ ಕೊಟ್ಟಿಗೆಗಳನ್ನೆಲ್ಲ ಮೂವತ್ತೆರಡು ವರ್ಷ ಸುತ್ತಿದ ಕೈ ಇದು. ಈಗ ಆ ಕೈ ನೋಡಿಕೊಳ್ಳುವುದಕ್ಕೇ ನನಗೆ ಬೇಸರ.

ನಿನಗೆ ನೆನಪಿದೆಯೋ ಇಲ್ಲವೋ. ಏಳು ವರ್ಷದ ಹಿಂದೆ ನಿನ್ನ ಕುತ್ತಿಗೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾದಾಗ ಹುಬ್ಬಳ್ಳಿಯ ಆ ಡಾಕ್ಟರಮ್ಮ, ಔಷಧಿ ಶುರುವಾದರೆ ಮುಂದೆ ಮಕ್ಕಳಾಗದೆ ಹೋಗಬಹುದು, ಮೊದಲೇ ವೀರ್ಯ ತೆಗೆದು ತಂಪಿನಲ್ಲಿ ಇಡಿರಿ ಎಂದರು. ನೀನು ಇಪ್ಪತ್ತೆರಡರವನು, ತಲೆ ಎತ್ತಲಿಲ್ಲ. ನಿನಗೆ ತಿಳಿಸಿ ಹೇಳಿದವನು ನಾನೇ. "ನಾಚಬ್ಯಾಡಲೇ. ಇದನ್ನ ಕಾಯೂದು ನನ್ನ ಕೆಲಸ. ಹತ್ತು ವರ್ಷ ಇಟ್ಟರೂ ಕೆಡಂಗಿಲ್ಲ. ಕ್ಯಾನಿನ್ಯಾಗ ನೈಟ್ರೋಜನ್ ಬತ್ತಬಾರದು, ಅಷ್ಟ" ಎಂದೆ. ನೀನು, "ನಾನೇನ್ ಹೋರಿ ಏನಪಾ?" ಎಂದು ನಕ್ಕೆ. ಆ ಇಡೀ ತಿಂಗಳಲ್ಲಿ ನೀನು ನಕ್ಕದ್ದು ಅದೊಂದೇ ಸಲ.

ಈಗ ಬಾಗಲಕೋಟೆಯ ತಪಾಸಣೆಯಲ್ಲಿ ನಿನ್ನಲ್ಲಿ ವೀರ್ಯಾಣು ಒಂದೂ ಉಳಿದಿಲ್ಲ ಎಂದು ಬಂದಿದೆ. ಮದುವೆಗೆ ಮೊದಲು ಮುಚ್ಚಿಟ್ಟ ಕಾಯಿಲೆಯ ಮಾತನ್ನು ನೀನು ಕೊನೆಗೂ ಮಧುಮತಿಗೆ ಹೇಳಿದ್ದೀ. ಅವಳು ನಾಲ್ಕು ದಿನ ಮಾತು ಬಿಟ್ಟು, ಐದನೆಯ ದಿನ, "ಶುಕ್ರವಾರ ಹುಬ್ಬಳ್ಳಿಗೆ ಹೋಗೂಣು" ಎಂದಳಂತೆ. ಅಂಥ ಹೆಣ್ಣುಮಗಳನ್ನು ನಾವು ಮೋಸದಿಂದ ಮನೆ ತುಂಬಿಸಿಕೊಂಡೆವು ಎಂದು ನನಗೆ ದಿನಾ ಚುಚ್ಚುತ್ತದೆ.

ಮೊನ್ನೆ ಅವಳೇ ಫೋನ್ ಮಾಡಿದ್ದಳು. "ಮಾವಾರ, ಏಳು ವರ್ಷ ಅಷ್ಟು ತಂಪಿನ್ಯಾಗ ಇದ್ದದ್ದರಾಗ ಖರೇನ ಜೀವ ಇರತೈತೇನ್ರಿ?" ಎಂದು ಕೇಳಿದಳು. "ಇರತೈತವ್ವ" ಎಂದೆ. ಅವಳು ಅತ್ತಳು. ಇಂದ್ರವ್ವ ಅಲ್ಲೇ ಕೂತಿದ್ದಳು, ಅವಳೂ ಅತ್ತಳು. ಅವತ್ತೇ ತನ್ನ ಇಳಕಲ್ ಸೀರೆ ಹರಿದು ಕೌದಿ ಹೊಲಿಯಲು ಕೂತಿದ್ದಾಳೆ. ತೊಟ್ಟಿಲಿನಳತೆಯ ಸಣ್ಣ ಕೌದಿ. ಸೂಜಿಗೆ ದಾರ ಪೋಣಿಸಿಕೊಡು ಎಂದು ನನ್ನನ್ನೇ ಕರೆಯುತ್ತಾಳೆ, ನಾನು ಪೋಣಿಸಿಕೊಡುತ್ತೇನೆ.

ಆರೋಗ್ಯ ನೋಡಿಕೋ. ಇಬ್ಬರೂ ಒಬ್ಬರನ್ನೊಬ್ಬರು ಬಿಡದೆ ಇರಿ. ನನ್ನ ಆಯುಷ್ಯದಲ್ಲಿ ಉಳಿದದ್ದು ನಿಮಗೆ ಸಲ್ಲಲಿ.

ನಿನ್ನ ಅಪ್ಪ,
ಅಂದಾನೆಪ್ಪ

ತಾ.ಕ.: ಕಾಗದ ಇದರೊಳಗೆ ಇಟ್ಟಿದ್ದೇನೆ. ಆದರೆ ಅದು ನೀನು ಕೇಳಿದ ರಸೀದಿಯಲ್ಲ. ಮೂರು ವರ್ಷಕ್ಕೊಮ್ಮೆ, ಮುಂದುವರಿಸುತ್ತೀರೋ ಇಲ್ಲವೋ ಎಂದು ಅವರು ಕೇಳುವ ಕಾಗದ. ನೀನು ಸಹಿ ಮಾಡಿ ಕಳಿಸಬೇಕಿತ್ತು. ಮಧುಮತಿಯ ಕಡೆಯವರು ಬನಹಟ್ಟಿಯಿಂದ ನಮ್ಮ ಮನೆ ನೋಡಲು ಬಂದ ದಿನವೇ ಅದು ಬಂತು. ಕಟ್ಟೆಯ ಮೇಲೆ ಅವಳ ದೊಡ್ಡಪ್ಪ ಶಿದ್ರಾಮಪ್ಪ ಕೂತಿದ್ದರು. ಪೋಸ್ಟಿನ ಮುತ್ತಣ್ಣ ಲಕೋಟೆಯನ್ನು ಅವರೆದುರೇ ನನ್ನ ಕೈಗೆ ಕೊಟ್ಟ. "ಎಲ್ಲಿದರಿ?" ಎಂದು ಅವರು ಕೇಳಿದರು. "ದನದ ದವಾಖಾನಿದರಿ" ಎಂದು ಮಡಚಿ ಕಿಸೆಗೆ ಹಾಕಿಕೊಂಡೆ. ಅವರು ಚಹಾ ಕುಡಿದು, ಕೊಟ್ಟಿಗೆ ನೋಡಿ, ಒಪ್ಪಿದರು. ಲಗ್ನ ಮುಗಿದ ಮೇಲೆ ನಿನಗೆ ಕೊಟ್ಟರಾಯಿತು ಎಂದುಕೊಂಡೆ. ತಿಂಗಳ ಮೇಲೆ ಅದೇ ದವಾಖಾನೆಯಿಂದ ರಿಜಿಸ್ಟರ್ಡ್ ಪತ್ರ ಬಂತು. ಮನೆ ತುಂಬ ಬೀಗರಿದ್ದರು. ನಮ್ಮದಲ್ಲ ಎಂದು ವಾಪಸ್ ಕಳಿಸಿದೆ.

ನಿನ್ನ ಲಗ್ನವಾದ ಹದಿನೈದನೆಯ ದಿನ ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋದೆ. ಅಲ್ಲಿಯ ಹೆಣ್ಣುಮಗಳು ಪುಸ್ತಕ ತೆಗೆದು ತೋರಿಸಿ, "ವಾಯಿದೆ ಮುಗದಿತ್ತರಿ, ಎರಡು ಸಲ ಬರದೀವಿ. ತೆಗೆದುಬಿಟ್ಟೀವಿ" ಎಂದಳು. ಆಮೇಲೆ ನೀನು, "ಆ ಕಾಗದ ಏನಾತಪಾ?" ಎಂದಾಗಲೆಲ್ಲ, "ನೋಡ್ಕೊಂಡೀನಿ" ಎಂದವನು ನಾನು. ಪರರ ದನಗಳಿಗಾಗಿ ಮೂವತ್ತೆರಡು ವರ್ಷ ಒಂದು ದಿನವೂ ಕ್ಯಾನು ಬತ್ತಗೊಡಲಿಲ್ಲ. ಕಾಯದೆ ಬಿಟ್ಟರೆ ಏನಾಗುತ್ತದೆಂದು ಗೊತ್ತಿರಲಿಲ್ಲ ಎಂದು ಬೇರೆ ಯಾರಾದರೂ ಹೇಳಬಹುದಿತ್ತು, ನನಗೆ ಹೇಳಲು ಬರುವುದಿಲ್ಲ.

ಮಧುಮತಿಗೆ ನೀನು ಹೇಳಬೇಡ, ನಾನೇ ಬಂದು ಹೇಳುತ್ತೇನೆ. ಶುಕ್ರವಾರ ಹೋಗಬೇಡಿರಿ. ಅಲ್ಲಿ ನಿಮ್ಮದು ಏನೂ ಇಲ್ಲ.